ಹೆಡ್ ಅಂಡ್ ನೆಕ್ ಫೆಲೋಶಿಪ್‌ಗೆ ಹೊರಟವರಿಗೆ: ಮೊದಲು ಗ್ರಾಸಿಂಗ್ ಟೇಬಲ್ ನೋಡಿ

ದಾವಣಗೆರೆಯಂಥ ಊರಲ್ಲಿ ಕೆಲಸ ಮಾಡೋಕೆ ಹೆಡ್ ಅಂಡ್ ನೆಕ್ ಪೆಥಾಲಜಿ ಫೆಲೋಶಿಪ್ (ಎಂ.ಡಿ. ಆದ ಮೇಲೆ ತಲೆ-ಕುತ್ತಿಗೆ ಭಾಗದ ರೋಗಗಳನ್ನು ಲ್ಯಾಬಲ್ಲಿ ಪತ್ತೆ ಮಾಡೋದನ್ನು ಕಲಿಯುವ ತರಬೇತಿ) ಯಾಕೆ ಬೇಕು, ಎಂ.ಡಿ. ಸಾಕಲ್ವಾ ಅಂತ ಜೂನಿಯರ್‌ಗಳು ಆಗಾಗ ಕೇಳುತ್ತಾರೆ. ಇಂಥ ಊರಿಗೇ ಜಾಸ್ತಿ ಬೇಕು ಅನ್ನೋದು ನನ್ನ ಉತ್ತರ. ಚನ್ನಗಿರಿ ಕಡೆ ಹೋದರೆ ಸಾಲುಸಾಲು ಅಡಿಕೆ ತೋಟ, ಬಸ್ ಸ್ಟ್ಯಾಂಡಿಗೆ ಬಂದರೆ ಅಂಗಡಿ ಮುಂದೆ ಸ್ಯಾಷೆಗಳ ಮಾಲೆ. ಕುತ್ತಿಗೆ ಗಂಟಿಗೆ ಸೂಜಿ ಚುಚ್ಚಿಸಿಕೊಳ್ಳಲು ಬಂದವರ ಬಾಯಿ ನೋಡೋಣ ಅಂದರೆ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಆದರೂ "ತಂಬಾಕು ಮುಟ್ಟಲ್ಲ ಡಾಕ್ಟ್ರೇ, ಬರೀ ಅಡಿಕೆ" ಅನ್ನುತ್ತಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. ಅಡಿಕೆ ಸೀಮೆಯಲ್ಲಿ ಈ ಮಾತು ಯಾರಿಗೂ ಇಷ್ಟವಾಗಲ್ಲ, ಬಿಡಿ.

ಫೆಲೋಶಿಪ್ ಅಂದರೆ ಅಪರೂಪದ ಲಾಲಾಗ್ರಂಥಿ ಗಡ್ಡೆಗಳ ಸ್ಲೈಡ್ ನೋಡುತ್ತಾ ಕೂರೋದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದೂ ಇರುತ್ತದೆ. ಆದರೆ ಊರಿಗೆ ಬಂದ ಮೇಲೆ ನನಗೆ ದಿನಾ ಉಪಯೋಗಕ್ಕೆ ಬಂದಿದ್ದು ಗ್ರಾಸಿಂಗ್, ಅಂದರೆ ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಕತ್ತರಿಸಿ, ಅಳೆದು, ಸರಿಯಾದ ಜಾಗದಿಂದ ತುಂಡು ತೆಗೆಯುವ ಕೆಲಸ. ಇಲ್ಲಿ ಎಡವಟ್ಟಾದರೆ ಎಂಥ ಮೈಕ್ರೋಸ್ಕೋಪ್ ಇದ್ದರೂ ಸುಮ್ನೆ.

ನಾಲಿಗೆ ಕ್ಯಾನ್ಸರ್ ತಗೊಳ್ಳಿ. 2018ರಿಂದ ಜಾರಿಗೆ ಬಂದ ಎಜೆಸಿಸಿ (ಕ್ಯಾನ್ಸರ್ ಯಾವ ಹಂತದಲ್ಲಿದೆ ಅಂತ ಗುರುತಿಸುವ ನಿಯಮಗಳು) 8ನೇ ಆವೃತ್ತಿಯಲ್ಲಿ ಗಡ್ಡೆ ಎಷ್ಟು ಅಗಲ ಅನ್ನೋದರ ಜೊತೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಅಗಲ ಎರಡು ಸೆಂಟಿಮೀಟರ್ ಒಳಗಿದ್ದು ಆಳ 5 ಮಿಲಿಮೀಟರ್ ದಾಟದಿದ್ದರೆ ಟಿ1 (ಟಿ ಅಂದರೆ ಗಡ್ಡೆಯ ಹಂತ, ಸಂಖ್ಯೆ ಏರಿದಷ್ಟೂ ಮುಂದುವರಿದಿದೆ ಅಂತ). ಅಗಲ ಅಷ್ಟೇ ಇದ್ದು ಆಳ 6 ಆಯಿತೋ, ಟಿ2. ಈ ಆಳವನ್ನು ಗಡ್ಡೆಯ ಮೇಲ್ಮೈಯಿಂದ ಅಳೆಯುವ ಹಾಗಿಲ್ಲ. ಪಕ್ಕದ ಆರೋಗ್ಯವಾದ ಪೊರೆಯ ಬೇಸ್‌ಮೆಂಟ್ ಮೆಂಬ್ರೇನ್ (ಪೊರೆಯ ತಳದಲ್ಲಿರುವ ತೆಳು ಪದರ) ಮಟ್ಟದಲ್ಲಿ ಒಂದು ಗೆರೆ ಎಳೆದು, ಅಲ್ಲಿಂದ ಗಾರೆಯವರು ತೂಗುಗುಂಡು ಬಿಟ್ಟ ಹಾಗೆ ನೇರ ಕೆಳಗೆ, ಕ್ಯಾನ್ಸರ್ ತಲುಪಿದ ಕೊನೆಯ ಬಿಂದುವಿನವರೆಗೆ ಅಳೆಯಬೇಕು. ಹೂಕೋಸಿನ ಥರ ಮೇಲೆದ್ದ ಗಡ್ಡೆಯಲ್ಲಿ ದಪ್ಪ ಜಾಸ್ತಿ, ಆಳ ಕಮ್ಮಿ. ಹುಣ್ಣಾಗಿ ತಗ್ಗಾಗಿದ್ದರೆ ಉಲ್ಟಾ. ಈಗ ನೋಡಿ, ಗಡ್ಡೆಯ ತುಂಡಿನ ಜೊತೆ ಪಕ್ಕದ ಒಳ್ಳೆಯ ಪೊರೆ ಒಂದಿಷ್ಟೂ ಬರದಿದ್ದರೆ ಗೆರೆ ಎಲ್ಲಿಂದ ಎಳೀತೀರಿ?

ಇನ್ನು ಮಾರ್ಜಿನ್ ಗಲಾಟೆ, ಅಂದರೆ ಗಡ್ಡೆಯ ಸುತ್ತ ಸೇರಿಸಿ ತೆಗೆದ ಒಳ್ಳೆಯ ಭಾಗ ಎಷ್ಟು ಅನ್ನೋದರ ಜಗಳ. ಸರ್ಜನ್ ಒಂದು ಸೆಂಟಿಮೀಟರ್ ಬಿಟ್ಟು ತೆಗೆದಿದ್ದೇನೆ ಅಂತಾರೆ, ನಮ್ಮ ರಿಪೋರ್ಟಲ್ಲಿ 6 ಮಿಲಿಮೀಟರ್ ಇರುತ್ತದೆ, ಫೋನ್ ಬರುತ್ತದೆ. ಇಬ್ಬರದೂ ಸರಿ ಇರಬಹುದು, ಯಾಕೆಂದರೆ ನಾಲಿಗೆ ಬರೀ ಸ್ನಾಯು, ಕತ್ತರಿಸಿದ ತಕ್ಷಣ ಕುಗ್ಗುತ್ತದೆ, ಆಮೇಲೆ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲೂ ಇನ್ನೊಂಚೂರು ಕುಗ್ಗುತ್ತದೆ. ಅದಕ್ಕೇ ನಾನು ಥರ್ಮೋಕೋಲ್ ಮೇಲೆ ಪಿನ್ ಹೊಡೆದು ಕಳಿಸಿ ಅಂತ ಕೇಳೋದು. ಮುಂಭಾಗಕ್ಕೆ ಒಂದು ಹೊಲಿಗೆ, ಮೇಲ್ಭಾಗಕ್ಕೆ ಎರಡು, ಫಾರಂನಲ್ಲಿ ಬರೆದಿರಲಿ. ಹೊಲಿಗೆ ಇಲ್ಲದ ಸ್ಪೆಸಿಮೆನ್ (ಆಪರೇಷನ್‌ನಲ್ಲಿ ತೆಗೆದ ಭಾಗ) ಬಂದರೆ ನಾನು ಊಹೆ ಮಾಡಲ್ಲ, ಸರ್ಜನ್ನನ್ನೇ ಕೆಳಗೆ ಕರೆಸುತ್ತೇನೆ. ಮೊದಮೊದಲು ಮುಖ ಗಂಟು ಹಾಕಿಕೊಂಡು ಬರುತ್ತಿದ್ದವರು ಈಗ ಕರೆಯದೆಯೂ ಬಂದು, ಯಾವ ಕಡೆ ಅನುಮಾನ ಅಂತ ತಾವೇ ತೋರಿಸಿ, ಆ ಅಂಚಿನ ಗುರುತಿಗೆ ನಾನು ಯಾವ ಬಣ್ಣದ ಇಂಕ್ ಹಚ್ಚಿದೆ ಅಂತಲೂ ನೋಡಿಕೊಂಡು ಹೋಗುತ್ತಾರೆ.

ಹಾಗಾಗಿ ಫೆಲೋಶಿಪ್ ಆರಿಸುವಾಗ ಅಲ್ಲಿನ ಈಗಿನ ಫೆಲೋಗಳಿಗೇ ಫೋನ್ ಮಾಡಿ. ದೊಡ್ಡ ಸ್ಪೆಸಿಮೆನ್‌ಗಳನ್ನು ನಿಮ್ಮ ಕೈಯಲ್ಲೇ ಕತ್ತರಿಸಲು ಬಿಡುತ್ತಾರಾ, ಫ್ರೋಜನ್ ಡ್ಯೂಟಿ (ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡಿ ಹೇಳುವ ಕೆಲಸ) ಇದೆಯಾ, ಟ್ಯೂಮರ್ ಬೋರ್ಡಲ್ಲಿ (ರೋಗಿಯ ಚಿಕಿತ್ಸೆ ಬಗ್ಗೆ ಡಾಕ್ಟರುಗಳೆಲ್ಲ ಕೂತು ಚರ್ಚಿಸುವ ಸಭೆಯಲ್ಲಿ) ನೀವು ಮಾತಾಡಬಹುದಾ ಅಥವಾ ಹಿಂದಿನ ಸಾಲಲ್ಲಿ ಕೂತು ಕೇಳೋದಷ್ಟೇನಾ ಅಂತ ವಿಚಾರಿಸಿ. ಮೂಳೆ ಕೊಯ್ಯುವ ಗರಗಸ ಇದೆಯಾ ಅಂತಲೂ ಕೇಳಿ. ನಮ್ಮ ಕಡೆ ಕೆನ್ನೆ-ಒಸಡಿನ ಕ್ಯಾನ್ಸರ್ ಜಾಸ್ತಿ, ದವಡೆ ಸಮೇತ ಬರುತ್ತದೆ. ಅದು ಮೂಳೆಯನ್ನು ಮೇಲೆ ಮೇಲೆ ಸವೆಸಿದ್ದರೆ ಒಂದು ಲೆಕ್ಕ, ಹೊರಪದರ ತೂರಿ ಒಳಗೆ ಹೋಗಿದ್ದರೆ ಟಿ4ಎ. ದವಡೆಯನ್ನು ಇಡಿಯಾಗಿ ಆಸಿಡ್‌ನಲ್ಲಿ ಮುಳುಗಿಸಿಟ್ಟು, ಮೆತ್ತಗಾದ ಮೇಲೆ ನೋಡೋಣ ಅನ್ನುವ ಜಾಗದಲ್ಲಿ ಇದನ್ನು ಕಲಿಯೋದು ಕಷ್ಟ.