ಕುಸುಬಿ ಎಣ್ಣೆ ಬಿಟ್ಟರೆ ದಮ್ಮು ಕಡಿಮೆಯಾಗುತ್ತಾ?

ಗದಗದ ನಮ್ಮ ಔಷಧ ಅಂಗಡಿಗೆ ದಮ್ಮಿನ (ಅಸ್ತಮಾ) ಪಂಪ್, ಅಂದರೆ ಇನ್ಹೇಲರ್, ಒಯ್ಯಲು ಬರುವವರಲ್ಲಿ ಬಹಳ ಜನ ಇದನ್ನು ಕೇಳುತ್ತಾರೆ. "ಅಣ್ಣಾರ, ಕುಸುಬಿ ಎಣ್ಣಿ ಬಿಟ್ಟು ದಿನಾ ಅಗಸಿ ಚಟ್ನಿ ತಿಂದ್ರ ದಮ್ಮು ಕಮ್ಮಿ ಆಗ್ತದೇನ್ರಿ?" ಚಟ್ನಿ ತಿನ್ನಿ, ಪಂಪ್ ಬಿಡಬೇಡಿ ಅನ್ನುತ್ತೇನೆ. ಕೌಂಟರಿನಲ್ಲಿ ಅಷ್ಟಕ್ಕೇ ಹೊತ್ತಿರುತ್ತದೆ. ಉಳಿದದ್ದು ಇಲ್ಲಿದೆ.

ಪ್ರಶ್ನೆಯೇನೂ ಹುಚ್ಚು ಪ್ರಶ್ನೆಯಲ್ಲ. ನಮ್ಮ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೊಲೆಯಿಕ್ ಆಮ್ಲ, ಅಂದರೆ ಒಮೆಗಾ-6 ಜಾತಿಯ ಕೊಬ್ಬಿನಾಮ್ಲ. ದೇಹ ಅದರಲ್ಲಿ ಸ್ವಲ್ಪವನ್ನು ಅರಾಕಿಡೋನಿಕ್ ಆಮ್ಲ ಮಾಡಿಕೊಂಡು ಜೀವಕೋಶಗಳ ಪೊರೆಯಲ್ಲಿ ಇಟ್ಟುಕೊಳ್ಳುತ್ತದೆ. ಅಲರ್ಜಿ ಇರುವವರ ಉಸಿರಿನೊಳಗೆ ಹಾಸಿಗೆಯ ಧೂಳೋ ಪಾರ್ಥೇನಿಯಂ ಪರಾಗವೋ ಹೋಯಿತು ಅನ್ನಿ. ಅಲರ್ಜಿಗೆ ಕೆರಳುವ ಮಾಸ್ಟ್ ಕೋಶಗಳು ಮೊದಲು ಹಿಸ್ಟಮಿನ್ ಅನ್ನುವ ರಾಸಾಯನಿಕ ಚೆಲ್ಲುತ್ತವೆ. ಹಿಂದೆಯೇ ಪೊರೆಯಲ್ಲಿದ್ದ ಆ ಅರಾಕಿಡೋನಿಕ್ ಆಮ್ಲದಿಂದ ಲ್ಯೂಕೋಟ್ರಯೀನ್ ಅನ್ನುವ ಇನ್ನೊಂದು ರಾಸಾಯನಿಕ ತಯಾರಾಗುತ್ತದೆ. ಉಸಿರುನಾಳ ಬಿಗಿಯುವುದು, ಕಫ ಕಟ್ಟುವುದು, ಎದೆ ಸುಂಯ್ ಅನ್ನುವುದು, ಇದರಲ್ಲಿ ಅದರ ಕೈವಾಡ ದೊಡ್ಡದು. ರಾತ್ರಿ ನುಂಗುವ ಮಾಂಟೆಲುಕಾಸ್ಟ್ ಗುಳಿಗೆ ತಡೆಯುವುದು ಇದನ್ನೇ.

ಹಾಗಂತ ಕುಸುಬಿ ಎಣ್ಣೆ ಜಾಸ್ತಿ ತಿಂದಷ್ಟೂ ಅರಾಕಿಡೋನಿಕ್ ಆಮ್ಲ ಏರುತ್ತಾ ಹೋಗುವುದಿಲ್ಲ. ದೇಹ ಅದನ್ನು ಹಿಡಿತದಲ್ಲೇ ಇಡುತ್ತದೆ. ಸುಮ್ನೆ ಗಾಣದ ಎಣ್ಣೆಗೆ ಯಾಕೆ ಅಪವಾದ?

ಒಮೆಗಾ-3 ಕಥೆ ಬೇರೆ. ಮೀನೆಣ್ಣೆಯಲ್ಲಿರುವ ಇಪಿಎ, ಡಿಎಚ್ಎ ಅನ್ನುವ ಒಮೆಗಾ-3 ಕೊಬ್ಬಿನಾಮ್ಲಗಳು ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲದ ಜಾಗ ಹಿಡಿಯುತ್ತವೆ. ಉರಿಯೂತ ಇಳಿಸುವ ರಿಸಾಲ್ವಿನ್ ಅನ್ನುವ ವಸ್ತುಗಳು ಹುಟ್ಟುವುದೂ ಇವುಗಳಿಂದಲೇ. ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-3 ಇದೆ ನಿಜ, ಆದರೆ ಅದು ಎಎಲ್ಎ ಅನ್ನುವ ಬೇರೆ ಬಗೆಯದು. ಅದರಲ್ಲಿ ಇಪಿಎ ಆಗುವುದು ನೂರಕ್ಕೆ ಕೆಲವೇ ಪಾಲು. ಗುರೆಳ್ಳು ಚಟ್ನಿಯನ್ನೂ ಇದೇ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಗುರೆಳ್ಳಿನಲ್ಲಿ ಇರುವುದು ಹೆಚ್ಚಾಗಿ ಒಮೆಗಾ-6. ಅದನ್ನು ರುಚಿಗೆ ತಿನ್ನಿ.

ಅಗಸಿಯನ್ನು ಇಡೀ ಕಾಳಾಗಿ ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಅದಕ್ಕೆ ನಮ್ಮ ಕಡೆಯ ಪದ್ಧತಿಯೇ ಸರಿ. ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿದು, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಕುಟ್ಟುವುದು. ಕುಟ್ಟುವ ಹೊತ್ತಿಗೆ ದಮ್ಮು ಇರುವವರು ಪಡಸಾಲೆಗೆ ಹೋಗಿ ಕೂಡಬೇಕು. ಖಾರದ ಘಾಟಿಗೇ ಕೆಮ್ಮು ಶುರುವಾದರೆ ಚಟ್ನಿ ಏನು ಮಾಡೀತು? ಬಹಳ ದಿನ ಇಟ್ಟರೆ ಕಮಟುತ್ತದೆ, ವಾರಕ್ಕಾಗುವಷ್ಟೇ ಮಾಡಿ.

ಡೆನ್ಮಾರ್ಕಿನಲ್ಲಿ 736 ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ಕೊನೆಯ ತಿಂಗಳುಗಳಲ್ಲಿ ದಿನಾ 2.4 ಗ್ರಾಂ ಮೀನಿನ ಒಮೆಗಾ-3 ಕೊಟ್ಟಿದ್ದರು. ಅವರ ಮಕ್ಕಳಲ್ಲಿ ದಮ್ಮು ಅಥವಾ ಬಿಡದ ಸುಂಯ್‌ಗುಡುವಿಕೆ ಶೇ. 16.9, ಉಳಿದವರ ಮಕ್ಕಳಲ್ಲಿ ಶೇ. 23.7. ಈಗಾಗಲೇ ದಮ್ಮು ಹಿಡಿದಿರುವ ದೊಡ್ಡವರಲ್ಲಿ ಮಾತ್ರ ಮೀನೆಣ್ಣೆಯ ಪ್ರಯೋಗಗಳು ಒಂದೇ ಮಾತು ಹೇಳುವುದಿಲ್ಲ. ಮೀನು ತಿನ್ನುವ ಮನೆಯಾದರೆ ಕಾರವಾರದ ಬಂಗಡೆ ತಂದು ಸಾರು ಮಾಡಿ, ಅಷ್ಟು ಸಾಕು. ಡಬ್ಬಿಯ ಕ್ಯಾಪ್ಸೂಲ್ ಕೇಳಿದರೆ ನಾನಂತೂ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ, ವ್ಯಾಪಾರ ಹೋದರೂ ಸರಿ.