ಗೆದ್ದವರ ಕಾಲಂ ಕೊನೆಗೂ ಬಾಯಿ ಮುಚ್ಚಿತು: ಇಂಟರ್‌ಕಾಂಟಿನೆಂಟಲ್ ಕಪ್ ಚಾರ್ಟ್

ಅಂತೂ ಆಯ್ತು! ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಫುಟ್‌ಬಾಲ್ ಕ್ಲಬ್‌ಗಳು ಎದುರಾಗುತ್ತಿದ್ದ, 1960ರಿಂದ 2004ರವರೆಗಿನ ಇಂಟರ್‌ಕಾಂಟಿನೆಂಟಲ್ ಕಪ್ ಪೂರ್ತಿ ಒಂದೇ ಶೀಟಿನಲ್ಲಿದೆ, ಲೆಕ್ಕ ತಪ್ಪಿದೆ ಅಂತ ತೋರಿಸುವ ಕೆಂಪು ಸೆಲ್ ಒಂದೂ ಇಲ್ಲ. ಡೇಟಾ ತುಂಬಿದ್ದು, ಹೆಸರುಗಳನ್ನು ಕನ್ನಡಕ್ಕೆ ತಂದಿದ್ದು ಎಲ್ಲ ಮಾಮೂಲಿ, ಅದನ್ನು ಬಿಡುತ್ತೇನೆ. ತಲೆ ತಿಂದಿದ್ದು 1961.

ಫಾರ್ಮುಲಾ ಸರಳವಾಗಿತ್ತು. ಎರಡು ಲೆಗ್‌ಗಳ (ಒಬ್ಬೊಬ್ಬರ ಊರಲ್ಲಿ ಒಂದೊಂದು ಮ್ಯಾಚ್) ಗೋಲು ಕೂಡು, ಜಾಸ್ತಿ ಇದ್ದವರು ಚಾಂಪಿಯನ್, ಸಮ ಆದರೆ ಮಾತ್ರ ಮೂರನೇ ಮ್ಯಾಚ್ ನೋಡು. 1963 ಅಚ್ಚುಕಟ್ಟಾಗಿ ಕೂತಿತು: ಮಿಲಾನ್ 4-2, ತಿರುಗಿ ಸ್ಯಾಂಟೋಸ್ 4-2, ಮೂರನೆಯದರಲ್ಲಿ ಸ್ಯಾಂಟೋಸ್ 1-0. 1967ರ ಸೆಲ್ಟಿಕ್-ರೇಸಿಂಗ್ ಜಗಳವೂ ಓಕೆ. ಆದರೆ 1961ರಲ್ಲಿ ಲಿಸ್ಬನ್‌ನಲ್ಲಿ ಬೆನ್ಫಿಕಾ 1-0, ಮಾಂಟೆವಿಡಿಯೋದಲ್ಲಿ ಪೆನ್ಯಾರೋಲ್ 5-0. ಒಟ್ಟು 5-1, ಕಥೆ ಮುಗೀತು ಅಲ್ವಾ? ಇಲ್ಲ. ಎರಡೇ ದಿನ ಬಿಟ್ಟು ಅದೇ ಊರಲ್ಲಿ ಇನ್ನೊಂದು ಮ್ಯಾಚ್, ಯುಸೇಬಿಯೋ ಒಂದು ಗೋಲು ಹೊಡೆದರೂ ಪೆನ್ಯಾರೋಲ್ 2-1. ನನ್ನ ಶೀಟಿನಲ್ಲಿ ಆ ಮ್ಯಾಚಿಗೆ ದಿಕ್ಕಿಲ್ಲ, ಕೆಂಪಗೆ ಕೂತಿದೆ. 1964ರಲ್ಲೂ ಅದೇ ರಾಮಾಯಣ: ಇಂಡಿಪೆಂಡಿಯೆಂಟೆ 1-0, ಇಂಟರ್ 2-0, ಆಮೇಲೆ ಮ್ಯಾಡ್ರಿಡ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ವರೆಗೂ ಎಳೆದು ಇಂಟರ್ 1-0.

ವಿಷಯ ಏನಪ್ಪಾ ಅಂದರೆ, 1968ರವರೆಗೆ ಗೋಲಿಗೆ ಬೆಲೆಯೇ ಇರಲಿಲ್ಲ, ಪಾಯಿಂಟ್ ಲೆಕ್ಕ. ಗೆದ್ದರೆ 2, ಡ್ರಾ ಆದರೆ 1. ಐದು ಗೋಲಿನ ಗೆಲುವೂ ಅಷ್ಟೇ, ಒಂದು ಗೋಲಿನ ಗೆಲುವೂ ಅಷ್ಟೇ. 1969ರಿಂದ ಗೋಲು ಕೂಡಲು ಶುರು ಮಾಡಿದರು. ಆ ವರ್ಷ ಮಿಲಾನ್ ಮನೆಯಲ್ಲಿ 3-0 ಗೆದ್ದು, ಬ್ಯೂನಸ್ ಐರಿಸ್‌ನಲ್ಲಿ ಎಸ್ಟುಡಿಯಾಂಟೆಸ್ ಎದುರು 1-2 ಸೋತಿತು. ಹಳೇ ನಿಯಮ ಇದ್ದಿದ್ದರೆ ಮೂರನೇ ಮ್ಯಾಚ್ ಆಡಬೇಕಿತ್ತು. ಆ ರಾತ್ರಿ ಮಿಲಾನ್ ಆಟಗಾರ ಕಾಂಬಿನ್ ಮೂಗು ಮುರಿದು ಅಂಗಿಯೆಲ್ಲ ರಕ್ತ ಮಾಡಿಕೊಂಡಿದ್ದ. ಮತ್ತೊಂದು ಮ್ಯಾಚ್ ಯಾರಿಗೆ ಬೇಕಿತ್ತು ಸ್ವಾಮಿ!

ಸರಿ, ಇಸವಿ ನೋಡಿ ನಿಯಮ ಹಾಕೋಣ ಅಂದರೆ 1973 ಅಡ್ಡ ಬಂತು. ಯುರೋಪ್ ಚಾಂಪಿಯನ್ ಅಯಾಕ್ಸ್ ಬರಲ್ಲ ಅಂದಿತು, ಬದಲಿಗೆ ಯುವೆಂಟಸ್ ಬಂದು ರೋಮ್‌ನಲ್ಲಿ ಒಂದೇ ಮ್ಯಾಚ್ ಆಡಿ ಇಂಡಿಪೆಂಡಿಯೆಂಟೆಗೆ 0-1 ಸೋತಿತು. ಹಾಗಾಗಿ ಪ್ರತಿ ಸಾಲಿಗೂ ‘ನಿಯಮ’ ಅಂತ ಬೇರೆ ಕಾಲಂ ಹಾಕಿದೆ: ಪಾ (ಪಾಯಿಂಟ್), ಗೋ (ಗೋಲು), ಒಂ (ಒಂದೇ ಮ್ಯಾಚ್). ಅಷ್ಟೇ, ಎಲ್ಲ ಹಸಿರಾಯ್ತು. 1980ರಿಂದ ಜಪಾನಿನಲ್ಲಿ ಒಂದೇ ಮ್ಯಾಚ್, ಅಲ್ಲಿ ಕಿರಿಕಿರಿಯೇ ಇಲ್ಲ.

ಇಸವಿಯದ್ದೂ ಒಂದು ಕಿತಾಪತಿ ಇದೆ. ಮ್ಯಾಚ್ ತಾರೀಖಿನಿಂದ ಸಾರ್ಟ್ ಮಾಡಬೇಡಿ. 1977ರ ಕಪ್ ಆಡಿದ್ದು 1978ರಲ್ಲಿ, ಅರ್ಜೆಂಟೀನಾದ ಬೊಕಾ ಗೆದ್ದಿದ್ದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ. 1978ರ ಕಪ್ ನಡೆಯಲೇ ಇಲ್ಲ. ತಾರೀಖು ನಂಬಿದರೆ ಚಾರ್ಟಿನಲ್ಲಿ 1977 ಖಾಲಿ, 1978 ಭರ್ತಿ, ಪೂರ್ತಿ ಉಲ್ಟಾ. 1981ರಲ್ಲಂತೂ ಫೆಬ್ರವರಿಯಲ್ಲಿ 1980ರ ಕಪ್ ಗೆದ್ದ ನ್ಯಾಸಿಯೊನಾಲ್, ಡಿಸೆಂಬರ್‌ನಲ್ಲಿ 1981ರ ಕಪ್ ಗೆದ್ದ ಫ್ಲಮೆಂಗೊ, ಒಂದೇ ವರ್ಷ ಇಬ್ಬರು ಚಾಂಪಿಯನ್ನರು.

ಇನ್ನು ಪ್ರಿಂಟಿಂಗ್. ಅಂಗಡಿಯ ಹೆಸರು ಬೇಡ. ಪಿಡಿಎಫ್ ಕೊಟ್ಟರೂ ಅಕ್ಷರ ಕಾಪಿ ಮಾಡಿ ತಮ್ಮ ಹಳೇ ಫಾಂಟಿಗೆ ಹಾಕುತ್ತಾರೆ. ಒತ್ತಕ್ಷರ ಎಲ್ಲ ಕಳಚಿ ‘ಸ್ ಯಾಂಟೋಸ್’, ‘ಎಸ್ ಟುಡಿಯಾಂಟೆಸ್’. ಕೇಳಿದರೆ ‘ದೂರದಿಂದ ಗೊತ್ತಾಗಲ್ಲ ಸರ್’ ಅಂತೆ! ಈಗ ಚಾರ್ಟನ್ನು ಪೂರ್ತಿ ಇಮೇಜ್ ಮಾಡಿ ಕಳಿಸಿದ್ದೇನೆ, ಮುಟ್ಟಲಿ ನೋಡೋಣ.

ಅದು ಬರುವಷ್ಟರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಶೀಟ್ ಶುರು ಮಾಡುವ ಆಸೆ. ಕಾರಣ ಗೊತ್ತಲ್ಲ: 2016, ಸೆಮಿಫೈನಲ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1 ಬಡಿದು ಬೆಂಗಳೂರು ಎಫ್‌ಸಿ ಫೈನಲ್‌ಗೆ ಹೋಗಿದ್ದು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ 0-1 ಸೋತಿತು, ಹಾಳಾಗಿ ಹೋಗಲಿ. ಆ ಸಾಲಿಗೆ ಮಾತ್ರ ನಮ್ಮ ತಂಡದ ನೀಲಿ ಬಣ್ಣ, ಸೋತವರ ಕಾಲಂ ಆದರೂ ಸರಿ.