ಬಿಲ್ಲು, ತಕ್ಕಡಿ, ನೋಟ್‌ಬುಕ್

ಹೋಟೆಲ್ ವಿಮರ್ಶೆ ಬರೆಯುವವರು ಮೊದಲು ಕಲಿಯಬೇಕಾದದ್ದು ಬಿಲ್ ಕಟ್ಟುವುದನ್ನು. ಊಟ ಪುಕ್ಕಟೆಯಾದರೆ ಬರಹ ಜಾಹೀರಾತಾಗುತ್ತದೆ. 1957ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಆಹಾರ ಸಂಪಾದಕರಾದ ಕ್ರೇಗ್ ಕ್ಲೇಬೋರ್ನ್ ರೂಢಿಗೆ ತಂದ ಕ್ರಮ ಸರಳ: ಯಾರೆಂದು ಹೇಳದೆ ಹೋಗಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು, ದುಡ್ಡು ಪತ್ರಿಕೆಯೇ ಕೊಡಬೇಕು. 1993ರಲ್ಲಿ ಅದೇ ಪತ್ರಿಕೆಗೆ ವಿಮರ್ಶಕಿಯಾಗಿ ಬಂದ ರೂತ್ ರೈಕಲ್ ವಿಗ್ ಹಾಕಿಕೊಂಡು ಹೋಗುತ್ತಿದ್ದರು. ಗುರುತು ಹಿಡಿದ ಮಾತ್ರಕ್ಕೆ ಬೆಳಿಗ್ಗೆ ಮಾಡಿಟ್ಟ ಗ್ರೇವಿಯ ರುಚಿ ಬದಲಾಗುವುದಿಲ್ಲ. ಆದರೆ ಒಳ್ಳೆಯ ತುಂಡು, ಒಳ್ಳೆಯ ಮೇಜು, ಬೇಗ ಬರುವ ತಟ್ಟೆ ನಿಮ್ಮ ಪಾಲಾಗುತ್ತವೆ. ಓದುಗರಿಗೆ ಅದು ಸಿಗುವುದಿಲ್ಲ.

ಜೊತೆಗೆ ಮೂವರನ್ನು ಕರೆದೊಯ್ದರೆ ಎಂಟು–ಹತ್ತು ತಿನಿಸುಗಳ ರುಚಿ ನೋಡಬಹುದು. ಸಪ್ಪೆಯಿಂದ ಖಾರಕ್ಕೆ ಹೋಗಿ, ಉಲ್ಟಾ ಬೇಡ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನೀರು ಕುಡಿದರೆ ನಾಲಿಗೆ ತಿಳಿಯಾಗದು. ಹಾಲು ಅಥವಾ ಮೊಸರು ವಾಸಿ. ಮೆನು, ಬಿಲ್ಲು ಎರಡರ ಫೋಟೊವೂ ಇರಲಿ. ‘ಅದ್ಭುತ’, ‘ಬಾಯಲ್ಲಿ ನೀರೂರಿಸುವ’ ಎಂದು ಗೀಚಿಕೊಂಡರೆ ಮರುದಿನ ಬರೆಯಲು ಏನೂ ಉಳಿದಿರುವುದಿಲ್ಲ. ಅಂಚು ಗರಿಗರಿ, ನಡು ಹಸಿ, ತಟ್ಟೆ ತಣ್ಣಗೆ, ಹುಳಿ ಕೊನೆಗೆ ಬಂತು: ಇಂಥವೇ ಕೆಲಸಕ್ಕೆ ಬರುವ ಟಿಪ್ಪಣಿಗಳು. ಎಲ್ಲ ಭೇಟಿಗಳೂ ಮುಗಿದ ಮೇಲೆ ಬಾಣಸಿಗರಿಗೆ ಫೋನ್ ಮಾಡಿ ಎಣ್ಣೆ ಯಾವುದು, ಮೀನು ಯಾವುದು ಎಂದು ಖಚಿತಪಡಿಸಿಕೊಳ್ಳಿ. ಊಹೆಯಲ್ಲಿ ಬರೆದ ಪದಾರ್ಥವೇ ಮಾರನೆಯ ದಿನ ತಿದ್ದುಪಡಿಯಾಗಿ ಅಚ್ಚಾಗುವುದು.

ನಿಜವಾದ ಹೆಣಗಾಟ ಇರುವುದು ರೆಸಿಪಿಯಲ್ಲಿ. ಇಲ್ಲಿ ತಪ್ಪಿದರೆ ಓದುಗರ ಸಾಮಾನು ಹಾಳು. ‘ಒಂದು ಕಪ್ ಮೈದಾ’ ಎಂದರೆ ಚಮಚದಲ್ಲಿ ಹಗುರವಾಗಿ ತುಂಬಿದಾಗ ಸುಮಾರು 120 ಗ್ರಾಂ, ಡಬ್ಬಿಯೊಳಗೆ ಕಪ್ ಅದ್ದಿ ಒತ್ತಿ ತೆಗೆದರೆ 150 ದಾಟುತ್ತದೆ; ಕೇಕ್ ಗಟ್ಟಿಯಾಗಲು ಅಷ್ಟು ಸಾಕು. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ, ಹರಳುಪ್ಪು ಅದಕ್ಕಿಂತ ಕಡಿಮೆ ತೂಗಬಹುದು. ಆದ್ದರಿಂದ ಗ್ರಾಂನಲ್ಲೇ ಬರೆಯಿರಿ, ಪಾತ್ರೆಯ ಅಗಲವನ್ನೂ ಹೇಳಿ. ಅಗಲ ಬಾಣಲೆಯಲ್ಲಿ ನೀರು ಬೇಗ ಇಂಗುತ್ತದೆ. ನಿಮ್ಮ 10 ನಿಮಿಷ ಅವರ ಮನೆಯಲ್ಲಿ 20 ಆಗುವುದು ಹೀಗೆ.

ಈರುಳ್ಳಿಯ ವಿಷಯದಲ್ಲಂತೂ ರೆಸಿಪಿ ಬರೆಯುವವರು ಲಜ್ಜೆಯಿಲ್ಲದೆ ಸುಳ್ಳು ಹೇಳುತ್ತಾರೆ. ಕಡಿಮೆ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಅದು ಮೆತ್ತಗಾಗಿ ಕಡುಗಂದು ಬಣ್ಣಕ್ಕೆ ತಿರುಗಲು 40 ನಿಮಿಷವಾದರೂ ಬೇಕು. ‘5 ನಿಮಿಷ ಹುರಿಯಿರಿ’ ಎಂದು ನಂಬಿ ಉರಿ ಏರಿಸಿದರೆ ಅಂಚು ಕರಟಿ ಕಹಿಯಾಗುತ್ತದೆ, ಒಳಗೆ ಹಸಿಯೇ. ಸಮಯದ ಜೊತೆಗೆ ಬಣ್ಣ, ವಾಸನೆ, ಸದ್ದಿನ ಗುರುತೂ ಕೊಡಿ. ಅಚ್ಚಿಗೆ ಹೋಗುವ ಮುನ್ನ, ಆ ಅಡುಗೆ ಗೊತ್ತಿಲ್ಲದ ಒಬ್ಬರು ಬರೆದದ್ದನ್ನಷ್ಟೇ ಓದಿ ಮಾಡಲಿ. ನೀವು ಪಕ್ಕದಲ್ಲಿ ನಿಂತು ತುಟಿ ಬಿಚ್ಚುವಂತಿಲ್ಲ. ಅವರು ಎಲ್ಲಿ ಕೈ ತಡೆದರೋ ಆ ಸಾಲನ್ನು ತಿದ್ದಿ.

ಗಳಿಕೆಯ ಮಾತು ಚುಟುಕಾಗಿ: ಬರೀ ವಿಮರ್ಶೆಯಿಂದ ಸಂಸಾರ ಸಾಗಿಸುವವರು ವಿರಳ. ಹೆಚ್ಚಿನವರು ರೆಸಿಪಿ ಪರೀಕ್ಷೆ, ಸಂಪಾದನೆ, ಅನುವಾದವನ್ನೂ ಮಾಡುತ್ತಾರೆ. ಹೋಟೆಲಿಗೆ ಪ್ರಚಾರ ಬರೆದುಕೊಟ್ಟಿದ್ದರೆ ಅದೇ ಹೋಟೆಲಿನ ವಿಮರ್ಶೆ ಬರೆಯಬಾರದು, ಅಷ್ಟೇ.

ಕಟುವಾಗಿ ಬರೆಯುವಾಗ ಒಂದು ಗೆರೆ ನೆನಪಿರಲಿ. ‘ಉಪ್ಪು ಜಾಸ್ತಿ ಎನಿಸಿತು’ ಅಭಿಪ್ರಾಯ. ‘ಕೆಟ್ಟ ಮೀನು ಬಡಿಸಿದರು’ ಆರೋಪ, ಅದಕ್ಕೆ ಪುರಾವೆ ಬೇಕು. ಬಿಲ್ಲು, ಫೋಟೊ, ತಾರೀಖು ಬರೆದ ನೋಟ್‌ಬುಕ್‌ಗಳನ್ನು ಲೇಖನ ಅಚ್ಚಾದ ಕೂಡಲೇ ಎಸೆಯಬೇಡಿ. ವಕೀಲರ ನೋಟಿಸು ತಿಂಗಳುಗಳ ನಂತರವೂ ಬರಬಹುದು.